ಘಾಟಿ ಹತ್ತದ ಕಾರು: ಕಾಯಿಲೆ ಎಲ್ಲಿದೆ ಎಂದು ಮನೆಯಲ್ಲೇ ಹುಡುಕುವ ಬಗೆ

ಶಿವಮೊಗ್ಗ ಪೇಟೆಯಲ್ಲಿ ಕಾರು ಚೆನ್ನಾಗಿಯೇ ಓಡುತ್ತದೆ. ಆದರೆ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಲು ಶುರು ಮಾಡಿದರೆ ಸೆಕೆಂಡ್ ಗೇರಿನಲ್ಲೂ ಎಳೆಯುವುದಿಲ್ಲ. ಒಮ್ಮೆ ಜರ್ಕ್ ಹೊಡೆಯುತ್ತದೆ, ಒಮ್ಮೆ ಸುಮ್ನೆ ಮಂಕಾಗುತ್ತದೆ. ಗ್ಯಾರೇಜಿಗೆ ಕೊಟ್ಟರೆ ಮೆಕ್ಯಾನಿಕ್ ಒಂದು ರೌಂಡ್ ಹೋಗಿ ಬಂದು "ಗಾಡಿ ಚೆನ್ನಾಗಿದೆಯಲ್ಲ ಸಾರ್" ಅನ್ನುತ್ತಾರೆ. ಬಿಡದೆ ಕೇಳಿದರೆ ಪ್ಲಗ್ ಬದಲಾಗುತ್ತದೆ, ಆಮೇಲೆ ಕಾಯಿಲ್, ಆಮೇಲೆ ಪಂಪ್. ಬಿಲ್ ಬೆಳೆಯುತ್ತದೆ, ಕಾಯಿಲೆ ಹಾಗೇ ಉಳಿಯುತ್ತದೆ.

ಮೆಕ್ಯಾನಿಕ್ ಹೇಳಿದ್ದು ಸುಳ್ಳಲ್ಲ. ಸಮತಟ್ಟಾದ ರಸ್ತೆಯಲ್ಲಿ ಆ ಕಾಯಿಲೆ ಕಾಣಿಸುವುದೇ ಇಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿ ಏರು ಹತ್ತುವಾಗ ಸಿಲಿಂಡರಿನೊಳಗೆ ಗಾಳಿ ಜಾಸ್ತಿ ತುಂಬುತ್ತದೆ, ಒತ್ತಡ ಏರುತ್ತದೆ. ಅಷ್ಟು ಒತ್ತಡದಲ್ಲಿ ಪ್ಲಗ್ ಕಿಡಿ ಹಾರಿಸಬೇಕಾದರೆ ಕಾಯಿಲ್ ಹೆಚ್ಚು ವೋಲ್ಟೇಜ್ ಕೊಡಬೇಕು. ಪಂಪ್ ಹೆಚ್ಚು ಪೆಟ್ರೋಲ್ ತಳ್ಳಬೇಕು. ಸೈಲೆನ್ಸರ್ ಹೆಚ್ಚು ಹೊಗೆ ಹೊರಗೆ ಬಿಡಬೇಕು. ಇವುಗಳಲ್ಲಿ ಯಾವುದು ಅರ್ಧ ಕೆಟ್ಟಿದ್ದರೂ ಪೇಟೆಯಲ್ಲಿ ಗೊತ್ತಾಗುವುದಿಲ್ಲ, ದಿಬ್ಬದಲ್ಲಿ ಗೊತ್ತಾಗುತ್ತದೆ. ಹಾಗಾಗಿ ಮನೆ ಹತ್ತಿರ ಒಂದು ಏರು ಇರುವವರಿಗೆ ಕಾಯಿಲೆ ಪತ್ತೆ ಮಾಡುವ ಅನುಕೂಲ ಬಯಲುಸೀಮೆಯವರಿಗಿಂತ ಜಾಸ್ತಿ. ಅದನ್ನು ಬಳಸಿಕೊಳ್ಳುವುದು ಹೇಗೆ ಎಂದು ಇಲ್ಲಿ ಬರೆದಿದ್ದೇನೆ. ಟರ್ಬೊ ಇಲ್ಲದ, ಫ್ಯುಯೆಲ್ ಇಂಜೆಕ್ಷನ್ ಇರುವ ಪೆಟ್ರೋಲ್ ಕಾರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಡೀಸೆಲ್ ಕಾರಿನವರು ಮೊದಲು ಡೀಸೆಲ್ ಫಿಲ್ಟರಿನ ನೀರು, ಟರ್ಬೊ ಹೋಸ್ ಪೈಪು, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವ್ ಈ ಮೂರನ್ನು ನೋಡಿಕೊಳ್ಳಿ.

ಮೊದಲ ಕೆಲಸ: ಬರೆದಿಡಿ

ಸ್ಪ್ಯಾನರ್ ಮುಟ್ಟುವ ಮೊದಲು ಪುಸ್ತಕ, ಪೆನ್ನು ತೆಗೆದುಕೊಳ್ಳಿ. ತೊಂದರೆ ಬರುವುದು ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ? ಯಾವ ಗೇರು, ಎಷ್ಟು ಆರ್‌ಪಿಎಂ? ಎಸಿ ಹಾಕಿದಾಗ ಮಾತ್ರವಾ? ಮಳೆ ದಿನ ಜಾಸ್ತಿಯಾ? ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು? ಯಾವ ರಿಪೇರಿಯ ನಂತರ, ಯಾವ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದ ನಂತರ ಶುರುವಾಯಿತು? ಇವನ್ನು ನೆನಪಿನಲ್ಲಿಟ್ಟುಕೊಳ್ಳುತ್ತೇನೆ ಎಂದರೆ ಆಗುವುದಿಲ್ಲ. ಒಂದು ವಾರ ಬರೆದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಅದು ಜರ್ಕೋ ಮಂಕೋ ಅನ್ನುವುದು. ಕಾರು ತಟಕ್ ತಟಕ್ ಎಂದು ಅದುರಿ, ಯಾರೋ ಹಿಂದಿನಿಂದ ಹಿಡಿದು ಬಿಟ್ಟಂತೆ ಆದರೆ ಅದು ಮಿಸ್ಸಿಂಗ್. ಯಾವುದೋ ಸಿಲಿಂಡರ್ ಆಗಾಗ ಉರಿಯುತ್ತಿಲ್ಲ. ಹೆಚ್ಚಾಗಿ ಇದು ಪ್ಲಗ್, ಕಾಯಿಲ್ ಅಥವಾ ವೈರಿಂಗ್ ಕಡೆಯದು. ಅದುರುವುದೇ ಇಲ್ಲ, ಎಷ್ಟು ಒತ್ತಿದರೂ ಎಂಜಿನ್ ನಯವಾಗಿಯೇ ಸೋಲುತ್ತದೆ ಎಂದಾದರೆ ಪೆಟ್ರೋಲ್, ಗಾಳಿ ಅಥವಾ ಸೈಲೆನ್ಸರ್ ಕಡೆ ನೋಡಬೇಕು. ಈ ಒಂದು ವ್ಯತ್ಯಾಸ ಹಿಡಿದರೆ ಬೇಡದ ಖರ್ಚು ಬಹಳ ತಪ್ಪುತ್ತದೆ.

ಎಂಜಿನ್ನಿನದೇ ತೊಂದರೆನಾ?

ಇದನ್ನು ಬಹಳ ಜನ ನೋಡುವುದೇ ಇಲ್ಲ. ಘಾಟಿಯಲ್ಲಿ ಓಡುವ ಕಾರಿನ ಕ್ಲಚ್ ಬೇಗ ಸವೆಯುತ್ತದೆ. ಏರಿನಲ್ಲಿ ಮೂರನೇ ಅಥವಾ ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ. ಆರ್‌ಪಿಎಂ ಮುಳ್ಳು ಮೇಲೆ ಹೋಗುತ್ತದೆ, ಸ್ಪೀಡ್ ಮಾತ್ರ ಏರುವುದಿಲ್ಲ ಎಂದರೆ ಕ್ಲಚ್ ಜಾರುತ್ತಿದೆ. ಎಂಜಿನ್ ಸರಿಯಾಗಿಯೇ ಇದೆ.

ಇನ್ನೊಂದು ಬ್ರೇಕ್. ಮಳೆಗಾಲದ ಕೆಸರು, ತೇವದಿಂದ ಕ್ಯಾಲಿಪರ್ ಪಿನ್ ತುಕ್ಕು ಹಿಡಿದು ಬ್ರೇಕ್ ಪೂರ್ತಿ ಬಿಡುವುದಿಲ್ಲ. ಆದಷ್ಟು ಬ್ರೇಕ್ ಹಾಕದೆ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ. ಮುಟ್ಟಬೇಡಿ, ಹತ್ತಿರ ಹಿಡಿದರೆ ಸಾಕು. ಒಂದು ಚಕ್ರ ಮಾತ್ರ ಕಾದಿದ್ದರೆ ಎಂಜಿನ್ ಬಿಟ್ಟು ಅದನ್ನು ಸರಿ ಮಾಡಿಸಿ.

ಬಾನೆಟ್ ತೆಗೆದು ಕಣ್ಣಲ್ಲಿ ನೋಡುವುದು

ಮಲೆನಾಡಿನಲ್ಲಿ ಮೊದಲ ಅನುಮಾನ ಇಲಿಯ ಮೇಲೆ. ಕೊಟ್ಟಿಗೆ ಪಕ್ಕ, ಅಡಿಕೆ ಸಿಪ್ಪೆ ರಾಶಿಯ ಹತ್ತಿರ ನಿಲ್ಲಿಸುವ ಕಾರಿನ ಬೆಚ್ಚಗಿನ ಬಾನೆಟ್ ಅವಕ್ಕೆ ಒಳ್ಳೆಯ ಜಾಗ. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್, ಹೊಗೆಯಲ್ಲಿನ ಆಮ್ಲಜನಕ ನೋಡುವ ಆಕ್ಸಿಜನ್ ಸೆನ್ಸರ್, ಕಾಯಿಲ್‌ಗೆ ಹೋಗುವ ವೈರುಗಳನ್ನು ಟಾರ್ಚ್ ಹಿಡಿದು ಇಡೀ ಉದ್ದಕ್ಕೂ ನೋಡಿ. ಪೂರ್ತಿ ಕತ್ತರಿಸಿದ ವೈರ್ ಬೇಗ ಸಿಗುತ್ತದೆ. ಮೇಲಿನ ಪ್ಲಾಸ್ಟಿಕ್ ಮಾತ್ರ ಕಡಿದು ಒಳಗೆ ತಾಮ್ರದ ಎಳೆ ಹಸಿರುಗಟ್ಟಿದ ವೈರೇ ನಿಜವಾದ ತಲೆನೋವು. ಅದು ಒಣಗಿದ್ದಾಗ ಸರಿ, ಥಂಡಿಯಲ್ಲಿ ಕೈಕೊಡುತ್ತದೆ.

ಏರ್ ಫಿಲ್ಟರ್ ಡಬ್ಬ ಬಿಚ್ಚಿ. ಒಳಗೆ ಇಲಿ ಗೂಡು, ತರಗೆಲೆ, ಸಿಪ್ಪೆ ನಾರು ಇರಬಹುದು. ಫಿಲ್ಟರ್ ಒದ್ದೆಯಾಗಿದ್ದರೂ ಗಾಳಿ ಕಟ್ಟುತ್ತದೆ. ಫಿಲ್ಟರಿನಿಂದ, ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಾದ ಥ್ರಾಟಲ್‌ಗೆ ಹೋಗುವ ರಬ್ಬರ್ ಹೋಸ್‌ನ ಮಡಿಕೆಗಳನ್ನು ಕೈಯಲ್ಲಿ ಅಗಲಿಸಿ ನೋಡಿ, ಬಿರುಕು ಅಲ್ಲೇ ಅಡಗಿರುತ್ತದೆ. ಸಣ್ಣ ವ್ಯಾಕ್ಯೂಮ್ ಪೈಪುಗಳು ಎರಡೂ ತುದಿಯಲ್ಲಿ ಸರಿಯಾಗಿ ಕೂತಿವೆಯಾ ಎಳೆದು ನೋಡಿ.

ಬ್ಯಾಟರಿ ಬಗ್ಗೆ ಎರಡು ಅಳತೆ ಸಾಕು. ರಾತ್ರಿಯಿಡೀ ನಿಂತ ಕಾರಿನಲ್ಲಿ ಮಲ್ಟಿಮೀಟರ್ 12.6 ವೋಲ್ಟ್ ಹತ್ತಿರ ತೋರಿಸಬೇಕು. ಎಂಜಿನ್ ಚಾಲೂ ಇದ್ದಾಗ ಸಾಮಾನ್ಯವಾಗಿ 13.8ರಿಂದ 14.5ರ ಒಳಗೆ ಇರಬೇಕು. ಕೆಲವು ಹೊಸ ಕಾರುಗಳು ಚಾರ್ಜಿಂಗನ್ನು ಬೇಕೆಂದೇ ಏರಿಳಿಸುತ್ತವೆ, ಅದಕ್ಕೆ ಗಾಬರಿ ಬೇಡ. ಬಾಡಿಗೂ ಎಂಜಿನ್‌ಗೂ ಇರುವ ಅರ್ತಿಂಗ್ ಪಟ್ಟಿ ತುಕ್ಕು ಹಿಡಿದಿದ್ದರೆ ಬಿಚ್ಚಿ ಉಜ್ಜಿ ಬಿಗಿ ಮಾಡಿ. ಅರ್ತಿಂಗ್ ಸರಿ ಇಲ್ಲದ ಕಾರಿನಲ್ಲಿ ಸೆನ್ಸರ್‌ಗಳ ಲೆಕ್ಕವೇ ತಪ್ಪುತ್ತದೆ.

ಸ್ಕ್ಯಾನರ್ ಹಾಕುವುದು

2013ರ ಏಪ್ರಿಲ್ ನಂತರ ತಯಾರಾದ ಬಿಎಸ್4 ಕಾರುಗಳಲ್ಲಿ ಒಬಿಡಿ2, ಅಂದರೆ ಕಾರು ತನ್ನ ದೋಷವನ್ನು ತಾನೇ ಗುರುತಿಸಿಡುವ ವ್ಯವಸ್ಥೆ ಇರುತ್ತದೆ. 2020ರ ನಂತರದ ಬಿಎಸ್6 ಕಾರುಗಳಲ್ಲಂತೂ ಇದ್ದೇ ಇದೆ. ಸ್ಟೀರಿಂಗ್ ಕೆಳಗೆ ಮೊಣಕಾಲಿನ ಹತ್ತಿರ 16 ಪಿನ್ನಿನ ಸಾಕೆಟ್ ಹುಡುಕಿ. ಅದಕ್ಕೆ ಸಿಕ್ಕಿಸುವ ಬ್ಲೂಟೂತ್ ಅಡಾಪ್ಟರ್ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡರೆ ಎಂಜಿನ್ ಕಂಪ್ಯೂಟರ್ ಗುರುತಿಸಿಟ್ಟ ದೋಷದ ಕೋಡ್ ಜೊತೆಗೆ ಸೆನ್ಸರ್‌ಗಳ ಲೆಕ್ಕವೂ ಕಾಣುತ್ತದೆ. ಬಿಡಿಭಾಗ ಒಂದನ್ನು ಸುಮ್ನೆ ಬದಲಾಯಿಸುವ ಖರ್ಚಿಗಿಂತ ಇದು ಕಡಿಮೆ, ಹಾಗಾಗಿ ಧೈರ್ಯವಾಗಿ ಕೊಳ್ಳಿ.

ಕೋಡ್ ಕಂಡ ಕೂಡಲೇ ಅಳಿಸಬೇಡಿ. ಮೊದಲು ಬರೆದುಕೊಳ್ಳಿ. ಫ್ರೀಜ್ ಫ್ರೇಮ್ ಅಂತ ಇರುತ್ತದೆ. ಕೋಡ್ ಬಿದ್ದ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿ ಇತ್ತು, ಲೋಡ್ ಎಷ್ಟಿತ್ತು ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ.

ಪಿ0300 ಎಂದರೆ ಯಾವ ಸಿಲಿಂಡರ್ ಎಂದು ಗೊತ್ತಾಗದ ಮಿಸ್ಸಿಂಗ್. ಪಿ0301ರಿಂದ ಪಿ0304ರವರೆಗೆ ಕೊನೆಯ ಅಂಕಿಯೇ ಸಿಲಿಂಡರ್ ನಂಬರು. ಪಿ0171 ಎಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ, ಪಿ0172 ಎಂದರೆ ಪೆಟ್ರೋಲ್ ಜಾಸ್ತಿ. ಕೋಡ್ ಕೆಟ್ಟ ಬಿಡಿಭಾಗದ ಹೆಸರು ಹೇಳುವುದಿಲ್ಲ, ಏನಾಗಿದೆ ಎಂದು ಮಾತ್ರ ಹೇಳುತ್ತದೆ. ಪಿ0171 ಬಂತೆಂದು ಆಕ್ಸಿಜನ್ ಸೆನ್ಸರ್ ಬದಲಾಯಿಸುವುದು ಬಹಳ ಕಡೆ ನಡೆಯುತ್ತದೆ. ಆ ಸೆನ್ಸರ್ ಪಾಪ ನಿಜವನ್ನೇ ಹೇಳುತ್ತಿರುತ್ತದೆ.

ಡ್ಯಾಶ್‌ಬೋರ್ಡಿನ ಚೆಕ್ ಎಂಜಿನ್ ಲೈಟ್ ಮಿನುಗಲು ಶುರುವಾದರೆ ಮಾತ್ರ ಪರೀಕ್ಷೆ ನಿಲ್ಲಿಸಿ. ಉರಿಯದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿದು ಅದನ್ನು ಹಾಳು ಮಾಡುತ್ತದೆ. ಅದರ ಬೆಲೆ ಕೇಳಿದರೆ ಕಾಯಿಲ್‌ನ ಬೆಲೆ ಏನೂ ಅಲ್ಲ.

ಜರ್ಕ್ ಇದ್ದರೆ: ಪ್ಲಗ್ ಮತ್ತು ಕಾಯಿಲ್

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕಾಯಿಲ್‌ಗಳನ್ನು ಬಿಚ್ಚಿ. ಮೇಲೆಯೇ 1, 2, 3, 4 ಎಂದು ಮಾರ್ಕರ್‌ನಲ್ಲಿ ಬರೆದುಬಿಡಿ. ಪ್ಲಗ್ ಕೂರುವ ಗುಂಡಿಯೊಳಗೆ ಟಾರ್ಚ್ ಬಿಡಿ. ಎಣ್ಣೆ ನಿಂತಿದ್ದರೆ ಮೇಲಿನ ಕವರ್‌ನ ಸೀಲ್ ಹೋಗಿದೆ. ನೀರು ಅಥವಾ ತುಕ್ಕಿನ ಗುರುತು ಇದ್ದರೆ ಮಳೆ ನೀರು ಎಲ್ಲಿಂದಲೋ ಇಳಿಯುತ್ತಿದೆ. ಗಾಜಿನ ಕೆಳಗಿನ ವೈಪರ್ ತಟ್ಟೆಯಲ್ಲಿ ತರಗೆಲೆ ಕಟ್ಟಿಕೊಂಡು ನೀರು ಉಕ್ಕಿ ಎಂಜಿನ್ ಮೇಲೆ ಸುರಿಯುವುದು ಮರದ ಕೆಳಗೆ ನಿಲ್ಲಿಸುವ ಕಾರುಗಳಲ್ಲಿ ಆಗುತ್ತದೆ. ನೆಂಟರೊಬ್ಬರ ಕಾರಿನಲ್ಲಿ ಕಾಯಿಲ್‌ಗಳೆಲ್ಲ ಹೊಸದಾದರೂ ಪ್ರತಿ ಜೂನ್‌ನಲ್ಲಿ ಜರ್ಕ್ ಮರಳಿ ಬರುತ್ತಿತ್ತು. ಕೊನೆಗೆ ಸರಿಯಾದದ್ದು ಆ ತಟ್ಟೆಯ ಎಲೆ ಬಾಚಿ ಹಾಕಿದ ಮೇಲೆ. ಗುಂಡಿಯ ನೀರು, ಕಸವನ್ನು ಗಾಳಿ ಹೊಡೆದು ತೆಗೆಯದೆ ಪ್ಲಗ್ ಬಿಚ್ಚಬೇಡಿ, ಅದೆಲ್ಲ ಸಿಲಿಂಡರಿನೊಳಗೆ ಬೀಳುತ್ತದೆ.

ಪ್ಲಗ್‌ಗಳನ್ನು ಸಾಲಾಗಿ ಇಟ್ಟು ಹೋಲಿಸಿ. ತುದಿ ತಿಳಿ ಕಂದು ಬಣ್ಣವಿದ್ದರೆ ಸರಿ. ಒಣ ಕಪ್ಪು ಮಸಿ ಎಂದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗೆ ಸುಟ್ಟಂತಿದ್ದರೆ ಕಡಿಮೆ, ಜಿಡ್ಡು ಕಪ್ಪಾಗಿದ್ದರೆ ಎಂಜಿನ್ ಆಯಿಲ್ ಒಳಗೆ ಬರುತ್ತಿದೆ. ನಾಲ್ಕೂ ಒಂದೇ ಥರ ಇದ್ದರೆ ತೊಂದರೆ ಇಡೀ ಎಂಜಿನ್ನಿನದು. ಒಂದು ಮಾತ್ರ ಬೇರೆ ಥರ ಇದ್ದರೆ ಆ ಸಿಲಿಂಡರಿನದು. ಬಿಳಿ ಪಿಂಗಾಣಿಯ ಮೇಲೆ ಉದ್ದಕ್ಕೆ ಕಪ್ಪು ಗೆರೆ ಕಂಡರೆ ಕಿಡಿ ಒಳಗೆ ಹಾರದೆ ಹೊರಗಿನಿಂದಲೇ ಸೋರಿದೆ ಎಂದರ್ಥ. ಅಂಥ ಪ್ಲಗ್ ಜೊತೆಗೆ ಕಾಯಿಲ್‌ನ ರಬ್ಬರ್ ಬೂಟನ್ನೂ ಬದಲಾಯಿಸಬೇಕು. ಗ್ಯಾಪ್ ಎಷ್ಟಿರಬೇಕೆಂದು ಮ್ಯಾನುಯಲ್‌ನಲ್ಲಿ ನೋಡಿ. ಅದಕ್ಕಿಂತ ಅಗಲವಾದ ಗ್ಯಾಪ್ ಘಾಟಿಯಲ್ಲಿ ಮಾತ್ರ ಜರ್ಕ್ ಕೊಡುವುದಕ್ಕೆ ಸಾಕಾದ ಕಾರಣ.

ಇನ್ನು ಅದಲು ಬದಲು ಪರೀಕ್ಷೆ. ಕೋಡ್ ಪಿ0302 ಇದೆ ಎನ್ನಿ. ಎರಡನೇ ಕಾಯಿಲನ್ನು ಮೂರಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿ. ಬೇರೆ ಏನನ್ನೂ ಮುಟ್ಟಬೇಡಿ. ಕೋಡ್ ಅಳಿಸಿ ಅದೇ ದಿಬ್ಬ ಹತ್ತಿಸಿ. ಕೋಡ್ ಈಗ ಪಿ0303 ಆದರೆ ಕಾಯಿಲ್ ಕೆಟ್ಟಿದೆ, ಒಂದೇ ಕಾಯಿಲ್ ತಂದರೆ ಸಾಕು. ಪಿ0302 ಆಗಿಯೇ ಉಳಿದರೆ ಪ್ಲಗ್ ಅದಲು ಬದಲು ಮಾಡಿ. ಆಗಲೂ ಅಲ್ಲೇ ನಿಂತರೆ ಇಂಜೆಕ್ಟರ್, ವೈರಿಂಗ್ ಅಥವಾ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಅದುಮಿದಾಗ ಬರುವ ಒತ್ತಡ). ಒಂದೇ ಸಲ ಕಾಯಿಲ್, ಪ್ಲಗ್ ಎರಡನ್ನೂ ಸರಿಸಿದರೆ ಏನೂ ಗೊತ್ತಾಗುವುದಿಲ್ಲ. ಎಲ್ಲರೂ ಅವಸರದಲ್ಲಿ ತಪ್ಪುವುದು ಇಲ್ಲೇ.

ಹಳೆ ಕಾರಿನಲ್ಲಿ ಪ್ಲಗ್‌ಗೆ ಉದ್ದ ವೈರ್ ಇದ್ದರೆ, ರಾತ್ರಿ ಕತ್ತಲೆಯಲ್ಲಿ ಎಂಜಿನ್ ಚಾಲೂ ಮಾಡಿ ಬಾನೆಟ್ ಎತ್ತಿ ದೂರದಿಂದ ನೋಡಿ. ಥಂಡಿ ಹವೆಯಲ್ಲಿ ಸೋರುವ ವೈರಿನ ಮೇಲೆ ನೀಲಿ ಕಿಡಿ ಕಾಣುತ್ತದೆ. ಸಾವಿರಾರು ವೋಲ್ಟ್ ಅದು, ಕೈ ಹಾಕಬೇಡಿ.

ಮಂಕಾಗಿದ್ದರೆ: ಏರಿನಲ್ಲಿ ಸಿಗುವ ಲೆಕ್ಕ

ಇದಕ್ಕೆ ಇಬ್ಬರು ಬೇಕು. ಒಬ್ಬರು ಓಡಿಸಬೇಕು, ಇನ್ನೊಬ್ಬರು ಫೋನಿನಲ್ಲಿ ರೆಕಾರ್ಡ್ ಮಾಡಬೇಕು. ಆಗುಂಬೆಯ 14 ತಿರುವುಗಳ ಘಾಟಿಯಲ್ಲಿ ಈ ಪರೀಕ್ಷೆ ಬೇಡ, ಮಳೆಗಾಲದಲ್ಲಂತೂ ಬೇಡವೇ ಬೇಡ. ಎದುರು ಕಾಣುವ, ವಾಹನ ಕಡಿಮೆ ಇರುವ ನೇರವಾದ ಏರು ಸಾಕು.

ಮೊದಲು ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ಆನ್ ಮಾಡಿ, ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಎಷ್ಟು ತೋರಿಸುತ್ತದೆ ನೋಡಿ. ಆಗ ಅದು ಹೊರಗಿನ ಗಾಳಿಯ ಒತ್ತಡ. ಸುಮಾರು 570 ಮೀಟರ್ ಎತ್ತರದ ಶಿವಮೊಗ್ಗದಲ್ಲಿ 95 ಕಿಲೋಪಾಸ್ಕಲ್ ಆಸುಪಾಸು ಇರಬೇಕು. ತುಂಬಾ ಬೇರೆ ಇದ್ದರೆ ಸೆನ್ಸರ್ ಮೇಲೇ ಅನುಮಾನ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಮೇಲೆ ಇದೇ ಲೆಕ್ಕ ಸುಮಾರು 80ಕ್ಕೆ ಇಳಿಯುತ್ತದೆ. ಅಲ್ಲಿ ಟರ್ಬೊ ಇಲ್ಲದ ಕಾರು ಸ್ವಲ್ಪ ಮಂಕಾಗುವುದು ಸಹಜ, ಅದು ಕಾಯಿಲೆಯಲ್ಲ. ಆಗುಂಬೆಯ ಎತ್ತರಕ್ಕೆ ಮಾತ್ರ ಆ ಕಾರಣ ಹೇಳಲು ಬರುವುದಿಲ್ಲ.

ಈಗ ಏರಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಮ್ಯಾಪ್ ಲೆಕ್ಕ ಕೀ ಆನ್ ಮಾಡಿದಾಗ ಇದ್ದಷ್ಟಕ್ಕೆ ಹತ್ತಿರ ಬರಬೇಕು. ಬರದೆ 75ರ ಹತ್ತಿರವೇ ನಿಂತರೆ ಗಾಳಿ ಒಳಗೆ ಬರುತ್ತಿಲ್ಲ. ಏರ್ ಫಿಲ್ಟರ್ ಕಟ್ಟಿದೆ ಅಥವಾ ಥ್ರಾಟಲ್ ಪೂರ್ತಿ ತೆರೆಯುತ್ತಿಲ್ಲ. ಡ್ರೈವರ್ ಬದಿಯ ಮ್ಯಾಟ್ ಪೆಡಲ್ ಅಡಿಗೆ ಸರಿದಿಲ್ಲ ತಾನೇ, ಅದನ್ನೂ ನೋಡಿ.

ಗಾಳಿ ಸರಿಯಾಗಿ ಬರುತ್ತಿದೆ ಎಂದಾದರೆ ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮೊದಲು ಇರುವ ಆಕ್ಸಿಜನ್ ಸೆನ್ಸರ್ ನೋಡಿ. ಹಳೆ ಮಾದರಿಯ, 0ರಿಂದ 1 ವೋಲ್ಟ್ ತೋರಿಸುವ ಸೆನ್ಸರ್ ಆದರೆ ಪೂರ್ತಿ ಒತ್ತಿದಾಗ 0.8ಕ್ಕಿಂತ ಮೇಲೆ ನಿಲ್ಲಬೇಕು. ಏರಿನ ನಡುವೆ ಅದು 0.2ಕ್ಕೆ ಬಿದ್ದು, ಅದೇ ಹೊತ್ತಿಗೆ ಕಾರು ಮಂಕಾದರೆ ಪೆಟ್ರೋಲ್ ಸಾಲುತ್ತಿಲ್ಲ. ಆದರೆ ಒಂದು ಎಚ್ಚರಿಕೆ. ಮಿಸ್ಸಿಂಗ್ ಇರುವ ಕಾರಿನಲ್ಲಿ ಈ ಲೆಕ್ಕ ನಂಬಬೇಡಿ. ಉರಿಯದೆ ಹೊರಬಂದ ಗಾಳಿಯನ್ನು ನೋಡಿ ಸೆನ್ಸರ್ ಪೆಟ್ರೋಲ್ ಕಡಿಮೆ ಅಂದುಕೊಳ್ಳುತ್ತದೆ. ಮೊದಲು ಜರ್ಕ್ ಸರಿ ಮಾಡಿ, ಆಮೇಲೆ ಇದು.

ಫ್ಯುಯೆಲ್ ಟ್ರಿಮ್ ಅನ್ನುವ ಲೆಕ್ಕವೂ ಉಪಯೋಗಕ್ಕೆ ಬರುತ್ತದೆ. ಎಂಜಿನ್ ಕಂಪ್ಯೂಟರ್ ತಾನಾಗಿ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು, ಕಡಿಮೆ ಮಾಡುತ್ತಿದೆ ಎಂಬುದೇ ಅದು. ಶಾರ್ಟ್ ಟರ್ಮ್ ಆ ಕ್ಷಣದ್ದು, ಲಾಂಗ್ ಟರ್ಮ್ ಬಹಳ ಹೊತ್ತಿನದು. ಎಂಜಿನ್ ಬಿಸಿಯಾದ ಮೇಲೆ ಲಾಂಗ್ ಟರ್ಮ್, ಶಾರ್ಟ್ ಟರ್ಮ್ ಎರಡೂ ಸೇರಿ ಶೇ. 10ರ ಒಳಗೆ ಮೇಲೆ ಕೆಳಗೆ ಇದ್ದರೆ ಚಿಂತೆ ಇಲ್ಲ. ಐಡ್ಲಿಂಗ್‌ನಲ್ಲಿ ಪ್ಲಸ್ 20 ಇದ್ದು 2,500 ಆರ್‌ಪಿಎಂಗೆ ಏರಿಸಿದಾಗ ಸರಿಯಾದರೆ ಎಲ್ಲೋ ಗಾಳಿ ಸೋರಿಕೆ. ಐಡ್ಲಿಂಗ್‌ನಲ್ಲಿ ಸರಿ ಇದ್ದು ಭಾರ ಬಿದ್ದಾಗ ಪ್ಲಸ್ ಕಡೆ ಏರುತ್ತಾ ಹೋದರೆ ಪಂಪ್ ಅಥವಾ ಪೆಟ್ರೋಲ್ ಫಿಲ್ಟರ್. ಗಾಳಿ ಅಳೆಯುವ ಸೆನ್ಸರ್ ಬದಲು ಮ್ಯಾಪ್ ಸೆನ್ಸರ್ ಮಾತ್ರ ಇರುವ ಕಾರುಗಳಲ್ಲಿ ಸೋರಿಕೆ ಇದ್ದರೆ ಟ್ರಿಮ್ ಅಷ್ಟು ಏರುವುದಿಲ್ಲ, ಐಡ್ಲಿಂಗ್ ಆರ್‌ಪಿಎಂ ಜಾಸ್ತಿಯಾಗುತ್ತದೆ. ಸೋರುವ ಜಾಗ ಹುಡುಕಲು ಕಾರ್ಬ್ ಕ್ಲೀನರ್ ಹೊಡೆಯುವವರಿದ್ದಾರೆ, ಬಿಸಿ ಎಂಜಿನ್ ಮೇಲೆ ಬೆಂಕಿ ಹತ್ತುವ ದ್ರವ ಅದು. ಗಿಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿಯಲ್ಲಿ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಪೈಪಿನ ಜೋಡಣೆ, ಹೋಸ್ ತುದಿಗಳಿಗೆ ನೀರಿನ ಮಂಜು ಹೊಡೆಯಿರಿ. ಸೋರುವ ಜಾಗಕ್ಕೆ ಬಿದ್ದಾಗ ಎಂಜಿನ್ನಿನ ಸದ್ದು ಬದಲಾಗುತ್ತದೆ. ಕಾಯಿಲ್, ಕಪ್ಲರ್‌ಗಳ ಮೇಲೆ ಮಾತ್ರ ಹೊಡೆಯಬೇಡಿ.

ಪೆಟ್ರೋಲ್ ಸಾಲುತ್ತಿಲ್ಲ ಎಂದಾದರೆ

ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗೆ ಒಂದೆರಡು ಸೆಕೆಂಡ್ ಗುಂಯ್ ಸದ್ದು ಬರಬೇಕು. ಸದ್ದು ಬಂದ ಮಾತ್ರಕ್ಕೆ ಪಂಪ್ ಚೆನ್ನಾಗಿದೆ ಎಂದಲ್ಲ. ಒತ್ತಡ ಗೇಜ್ ಹಾಕಿಯೇ ನೋಡಬೇಕು, ಅದನ್ನು ಗ್ಯಾರೇಜಿನಲ್ಲೇ ಮಾಡಿಸಿ. ಒತ್ತಡದಲ್ಲಿರುವ ಪೆಟ್ರೋಲ್ ಪೈಪನ್ನು ಮನೆಯಂಗಳದಲ್ಲಿ ಬಿಚ್ಚುವುದು ಬೇಡ.

ಮನೆಯಲ್ಲಿ ನೋಡಬಹುದಾದ್ದು ಎರಡು. ಕಾರು ಒಂದು ಗಂಟೆ ಓಡಿದ ಮೇಲೆ ಮಂಕಾಗುತ್ತದೆಯಾ? ಆಗ ನಿಲ್ಲಿಸಿ ಪೆಟ್ರೋಲ್ ಮುಚ್ಚಳ ತೆಗೆಯಿರಿ. ಜೋರಾಗಿ ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಕಾರು ಸರಿಯಾಗಿ ಎಳೆದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಮುಚ್ಚಿದೆ. ಕೆಳಗಿನ ವೆಂಟ್ ಪೈಪಿನ ಬಾಯಿ ನೋಡಿ. ಕುಂಬಾರ ಹುಳ ಅಲ್ಲಿ ಮಣ್ಣಿನ ಗೂಡು ಕಟ್ಟಿರಬಹುದು.

ಎರಡನೆಯದು ನೀರು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಮಿತಿ ಮೀರಿದರೆ ನೀರು, ಎಥನಾಲ್ ಎರಡೂ ಸೇರಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪ್ ಎಳೆಯುವುದು ತಳದಿಂದಲೇ. ಮಳೆಗಾಲದಲ್ಲಿ ವಾರಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಂತ ಕಾರು, ಅಥವಾ ಪೆಟ್ರೋಲ್ ಹಾಕಿಸಿದ ಬೆನ್ನಲ್ಲೇ ಕೆಟ್ಟ ಕಾರು ಇದ್ದರೆ ಟ್ಯಾಂಕ್ ಖಾಲಿ ಮಾಡಿಸಿ ನೋಡುವುದೇ ದಾರಿ. ಅಂಥ ಕಾರನ್ನು ಓಡಿಸಿ ಸರಿ ಮಾಡುತ್ತೇನೆ ಎಂದು ಹೊರಡಬೇಡಿ.

ಗಾಳಿ, ಪೆಟ್ರೋಲ್, ಕಿಡಿ ಎಲ್ಲ ಸರಿ ಇದ್ದರೂ ಎಳೆಯದಿದ್ದರೆ

ಆಗ ಹೊಗೆ ಹೊರಗೆ ಹೋಗುತ್ತಿಲ್ಲ ಅನ್ನಿಸುತ್ತದೆ. ಕ್ಯಾಟಲಿಟಿಕ್ ಕನ್ವರ್ಟರಿನ ಒಳಗಿನ ಜೇನುಗೂಡು ಕರಗಿ ಕಟ್ಟಿಕೊಂಡರೆ ಕಾರು 3,000 ಆರ್‌ಪಿಎಂ ತನಕ ಬಂದು ಅಲ್ಲೇ ನಿಲ್ಲುತ್ತದೆ. ವ್ಯಾಕ್ಯೂಮ್ ಗೇಜ್ ಇದ್ದರೆ 2,500 ಆರ್‌ಪಿಎಂನಲ್ಲಿ ಹಿಡಿದು ನೋಡಿ. ಮುಳ್ಳು ನಿಧಾನಕ್ಕೆ ಇಳಿಯುತ್ತಾ ಹೋದರೆ ಅನುಮಾನ ಗಟ್ಟಿ. ಇದು ಕಟ್ಟಿಕೊಳ್ಳಲು ಹೆಚ್ಚಾಗಿ ಹಳೆಯ ಮಿಸ್ಸಿಂಗೇ ಕಾರಣ. ಅದನ್ನು ಸರಿ ಮಾಡದೆ ಹೊಸದು ಹಾಕಿಸಿದರೆ ಅದೂ ಕಟ್ಟುತ್ತದೆ. ಎಂಜಿನ್ ಚಾಲೂ ಇಟ್ಟು ಮಾಡುವ ಯಾವ ಪರೀಕ್ಷೆಯನ್ನೂ ಮುಚ್ಚಿದ ಶೆಡ್ಡಿನಲ್ಲಿ ಮಾಡಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಅದು ಪ್ರಾಣ ತೆಗೆಯುತ್ತದೆ.

ಕೊನೆಯದು ಕಂಪ್ರೆಷನ್. ಪಂಪಿನ ಫ್ಯೂಸ್ ತೆಗೆದು, ಕಾಯಿಲ್ ಕಪ್ಲರ್‌ಗಳನ್ನು ಬಿಚ್ಚಿ, ಎಲ್ಲ ಪ್ಲಗ್ ತೆಗೆದು, ಒಂದೊಂದೇ ಪ್ಲಗ್ ಗುಂಡಿಗೆ ಕಂಪ್ರೆಷನ್ ಗೇಜ್ ಸಿಕ್ಕಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಸಿಲಿಂಡರ್‌ಗಳ ನಡುವೆ ಶೇ. 10ರಿಂದ 15ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ನಾಲ್ಕೂ ಒಂದೇ ಸಮ ಕಡಿಮೆ ಇದ್ದರೆ ಟೈಮಿಂಗ್ ಚೈನ್ ಅಥವಾ ಬೆಲ್ಟ್ ಹಲ್ಲು ತಪ್ಪಿರಬಹುದು. ಇಲ್ಲಿಂದ ಮುಂದಿನ ಕೆಲಸ ಮನೆಯದ್ದಲ್ಲ.

ಗ್ಯಾರೇಜಿಗೆ ಹೋಗುವಾಗ ಬರೆದ ಪುಸ್ತಕ, ಫ್ರೀಜ್ ಫ್ರೇಮ್ ಫೋಟೋ, ಏರಿನ ರೆಕಾರ್ಡಿಂಗ್ ಮೂರನ್ನೂ ತೆಗೆದುಕೊಂಡು ಹೋಗಿ. "ಪಿಕಪ್ ಇಲ್ಲ, ನೋಡಿ" ಎನ್ನುವ ಬದಲು "ಬಿಸಿಯಾದ ಮೇಲೆ, ಮೂರನೇ ಗೇರಿನಲ್ಲಿ, ಪೂರ್ತಿ ಒತ್ತಿದಾಗ ಆಕ್ಸಿಜನ್ ಸೆನ್ಸರ್ 0.2ಕ್ಕೆ ಬೀಳುತ್ತಿದೆ, ಪಂಪ್ ಒತ್ತಡ ಅಳೆದು ಹೇಳಿ" ಎನ್ನಿ. ಒಳ್ಳೆಯ ಮೆಕ್ಯಾನಿಕ್‌ಗೆ ಇಂಥ ಗಿರಾಕಿ ಸಿಕ್ಕರೆ ಖುಷಿಯೇ. ಬದಲಾಯಿಸಿದ ಹಳೆ ಬಿಡಿಭಾಗವನ್ನು ಕೇಳಿ ಪಡೆಯಿರಿ.

ರಿಪೇರಿ ಆದ ಮೇಲೆ ಕೋಡ್ ಅಳಿಸಿ, ಅದೇ ಏರು, ಅದೇ ಗೇರು, ಕಾರಿನಲ್ಲಿ ಅಷ್ಟೇ ಜನ ಕೂತು ಮತ್ತೊಮ್ಮೆ ರೆಕಾರ್ಡ್ ಮಾಡಿ. ಎರಡೂ ರೆಕಾರ್ಡಿಂಗನ್ನು ಪಕ್ಕ ಪಕ್ಕ ಇಟ್ಟು ನೋಡಿ. ಕೋಡ್ ಅಳಿಸಿದರೆ ಕೆಲವು ಕಾರುಗಳಲ್ಲಿ ಲಾಂಗ್ ಟರ್ಮ್ ಟ್ರಿಮ್ ಕೂಡ ಸೊನ್ನೆಗೆ ಬರುತ್ತದೆ. ಹಾಗಾಗಿ ಒಂದೆರಡು ದಿನ ಮಾಮೂಲಿಯಾಗಿ ಓಡಿಸಿದ ಮೇಲೆಯೇ ಆ ಲೆಕ್ಕ ನೋಡಿ. ಆಗಲೂ ಶೇ. 10ರ ಒಳಗೆ ನಿಂತಿದ್ದರೆ ಧೈರ್ಯವಾಗಿ ಘಾಟಿಗೆ ಹೊರಡಬಹುದು.